ನೀರೆರೆಯುವ ಕೈ

ಜನವರಿ 19, 2025, ಭಾನುವಾರ

ಇವತ್ತು ಕೆರೆಗೆ ಇಳಿದೆ. ಇದನ್ನು ಬರೆದಿಡಲೇಬೇಕು ಅನ್ನಿಸಿ ಸ್ಕೂಲಿನ ಹಳೆಯ ಹಾಜರಿ ಪುಸ್ತಕವೊಂದರಲ್ಲಿ ಖಾಲಿ ಹಾಳೆ ಹುಡುಕಿ ಕೂತಿದ್ದೇನೆ. ಹೆರಿಗೆಯಾಗಿ ನಾಲ್ಕು ತಿಂಗಳಾಗುತ್ತಾ ಬಂತು. ಶುಕ್ರವಾರ ಮೂಡಿಗೆರೆಯ ಲೇಡಿ ಡಾಕ್ಟರು ಪರೀಕ್ಷೆ ಮಾಡಿ, ಹೊಲಿಗೆಯೆಲ್ಲ ಚೆನ್ನಾಗಿ ಮಾಗಿದೆ, ಈ ಬೆನ್ನುನೋವಿಗೆ ಈಜು ಒಳ್ಳೆಯದು, ನಿಧಾನವಾಗಿ ಶುರುಮಾಡಿ ಎಂದರು. ನಿಧಾನ ಎನ್ನುವ ಮಾತನ್ನು ವಿಘ್ನೇಶ ಕೇಳಿಸಿಕೊಂಡ, ಶುರುಮಾಡಿ ಎನ್ನುವುದನ್ನು ನಾನು.

ಕಾಸ್ಟ್ಯೂಮು ಸೊಂಟದಲ್ಲೇ ನಿಂತಿತು. ಯೂನಿವರ್ಸಿಟಿಗೆ ಈಜಿದ ಕಾಲದ್ದು, ಅದರದ್ದೇನೂ ತಪ್ಪಿಲ್ಲ. ಕೊನೆಗೆ ಪಿ.ಟಿ. ಪಿರಿಯಡ್ಡಿನ ಟ್ರ್ಯಾಕ್ ಪ್ಯಾಂಟು, ಮೇಲೆ ವಿಘ್ನೇಶನ ಬನಿಯನ್ನು. ಸ್ಪ್ರಿಂಕ್ಲರಿಗೆಂದು ಮಾವ ಇದ್ದಾಗ ತೋಡಿಸಿದ ಕೆರೆ ಇದು. ದಂಡೆಯಿಂದ ದಂಡೆಗೆ ಮೂವತ್ತೈದು ಮೀಟರು. ಮದುವೆಯಾಗಿ ಬಂದ ಹೊಸದರಲ್ಲಿ ನಲವತ್ತು ಸಲ ಹಾಯುತ್ತಿದ್ದೆ. ಇವತ್ತು ಅರ್ಧ ದಾರಿಗೆ ಉಸಿರು ಕಟ್ಟಿತು. ಲಾರಿ ಟ್ಯೂಬು ಹಿಡಿದು ಪಕ್ಕದಲ್ಲೇ ಬರುತ್ತಿದ್ದ ವಿಘ್ನೇಶ, "ಸಾಕು ಮಾರಾಯ್ತಿ, ಯಾರೂ ಮೆಡಲ್ ಹಿಡ್ಕೊಂಡು ನಿಂತಿಲ್ಲ" ಎಂದ.

ಪಾಪಮ್ಮ ಮಗು ಪಂಚಮಿಯನ್ನು ಎತ್ತಿಕೊಂಡು ದಂಡೆಯ ಮೇಲೆ ಕೂತಿದ್ದಳು. ನಮ್ಮ ತೋಟದಲ್ಲಿ ಇಪ್ಪತ್ತು ವರ್ಷದಿಂದ ಕೆಲಸ ಮಾಡುವವಳು. ಬಾಣಂತಿ ತಣ್ಣೀರಿನಲ್ಲಿ, ಕಿವಿಗೆ ಹತ್ತಿಯಿಲ್ಲ, ತಲೆಗೆ ಬಟ್ಟೆಯಿಲ್ಲ. ಅವಳ ಮುಖ ನೋಡುವ ಹಾಗಿತ್ತು. "ನಿಮ್ಮ ಅಮ್ಮಾರಿಗೆ ಗೊತ್ತಾದ್ರೆ ನನ್ನ ಸುಮ್ನೆ ಬಿಡ್ತಾರಾ ಅಕ್ಕ?" ಎಂದಳು.

ಗೊತ್ತಾಗುವುದು ಹೇಗೆ? ಅಮ್ಮ ಮತ್ತು ನಾನು ಮಾತು ಬಿಟ್ಟು ಎರಡು ತಿಂಗಳಾಯಿತು.

ಜನವರಿ 22, ಬುಧವಾರ

ವಿಘ್ನೇಶ ಬಾಳೂರು ಹ್ಯಾಂಡ್‌ಪೋಸ್ಟಿನ ಅಂಗಡಿಯಿಂದ ಇನ್ನೊಂದು ಡಬ್ಬ ತಂದ. ಅಮ್ಮ ಕಳಿಸುವುದು ಇದು ಆರನೆಯದು. ವಸ್ತಾರೆಯಲ್ಲಿ ಅಪ್ಪ ಬಸ್ಸಿಗೆ ಹಾಕುತ್ತಾರೆ, ಮೂಡಿಗೆರೆಯಲ್ಲಿ ಬೇರೆ ಬಸ್ಸಿಗೆ ಬದಲಾಗುತ್ತದೆ, ಇಲ್ಲಿ ಕಂಡಕ್ಟರು ಇಳಿಸಿ ಹೋಗುತ್ತಾನೆ. ಒಳಗೆ ಅಂಟಿನುಂಡೆ, ಶುಂಠಿ ಲೇಹ್ಯ. ಮೇಲೆ ಅಮ್ಮನ ದುಂಡು ಅಕ್ಷರದಲ್ಲಿ 'ರಂಜನಾ, ಬಾಳೂರು' ಎಂದಷ್ಟೇ. ಒಂದು ಚೀಟಿಯಿಲ್ಲ. ಡಬ್ಬವನ್ನು ಹಾಗೆಯೇ ಪಾಪಮ್ಮನಿಗೆ ಕೊಟ್ಟುಬಿಟ್ಟೆ. ಹಿಂದಿನ ಐದೂ ಅವಳಿಗೇ ಹೋಗಿದ್ದು. ಈಗ ಬಾಣಂತಿಯ ಕಳೆ ಇರುವುದು ಅವಳ ಮುಖದಲ್ಲಿ.

ತವರಿನಲ್ಲಿ ಬಾಣಂತನದ ಆ ನಲವತ್ತೈದು ದಿನ ನೆನಪಾದರೆ ಈಗಲೂ ಮೈ ಉರಿಯುತ್ತದೆ. ಕಿವಿಗೆ ಹತ್ತಿ, ತಲೆಗೆ ಮಫ್ಲರು, ಹೊಟ್ಟೆಗೆ ಅಮ್ಮನ ಹಳೆಯ ಸೀರೆಯ ಸುತ್ತು, ಕಿಟಕಿ ತೆಗೆಯುವ ಹಾಗಿಲ್ಲ. ಕುಡಿಯುವ ನೀರೂ ಅಳತೆಯದ್ದು, ಅದೂ ಜೀರಿಗೆ ಹಾಕಿ ಕುದಿಸಿದ್ದು. ದಿನವೂ ಹಂಡೆಗಟ್ಟಲೆ ಬಿಸಿನೀರು ಬೆನ್ನಿಗೆ. ಡಿಗ್ರಿ ಓದಿ ಮಕ್ಕಳಿಗೆ ಆರೋಗ್ಯ ಶಿಕ್ಷಣದ ಪಾಠ ಮಾಡುವವಳು ನಾನು. ಅದೆಲ್ಲ ವಸ್ತಾರೆ ಮನೆಯ ಹೊಸ್ತಿಲಾಚೆ.

ಅಮ್ಮನ ಮಾತಿಗೆ ಎದುರಾಡುವವರು ಆ ಊರಲ್ಲಿ ಇಲ್ಲ. ಸತ್ಯವತಮ್ಮ ಎಂದರೆ ಮಕ್ಕಳಿಗೆ ಎರೆಯುವವರು. ಬಚ್ಚಲಲ್ಲಿ ಕಾಲು ಚಾಚಿ ಕೂತು, ಎಣ್ಣೆ ಹಚ್ಚಿದ ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡು ನೀರೆರೆದರೆ ಎಂಥಾ ಹಟಮಾರಿಯೂ ಅಲ್ಲೇ ಕಣ್ಣು ಮುಚ್ಚುತ್ತದೆ. ಇಪ್ಪತ್ತೇಳು ವರ್ಷದಿಂದ ಆ ಸುತ್ತಿನ ಎಷ್ಟು ಮಕ್ಕಳು ಅಮ್ಮನ ಕಾಲ ಮೇಲೆ ಮಲಗಿ ಎದ್ದಿದ್ದಾವೋ ಲೆಕ್ಕವಿಲ್ಲ. ಮೇಷ್ಟ್ರ ಮನೆಯದಾದರೂ ಒಂದೇ, ಕೂಲಿಯವರ ಮನೆಯದಾದರೂ ಒಂದೇ.

ನಾನು ಈಜಲು ಹೋಗುತ್ತೇನೆ ಎಂದಿದ್ದಕ್ಕೇ ಜಗಳ ಹತ್ತಿದ್ದು. ಅಮ್ಮನೂ ಅಂದಳು, ನಾನೂ ಏನೋ ಅಂದೆ. ಅವತ್ತೇ ಮಧ್ಯಾಹ್ನ ವಿಘ್ನೇಶನನ್ನು ಕರೆಸಿ ಮಗು ಎತ್ತಿಕೊಂಡು ಹೊರಟುಬಂದೆ. ತಾಯಿ ಮಗಳ ನಡುವೆ ಒಂದು ಮಾತು ಬರುತ್ತದೆ, ಹೋಗುತ್ತದೆ. ಅದನ್ನೇ ಹಿಡಿದುಕೊಂಡು ಕೂರುವುದು ಅಮ್ಮನ ಸ್ವಭಾವ.

ಜನವರಿ 29, ಬುಧವಾರ

ದಂಡೆಯಿಂದ ದಂಡೆಗೆ ಒಂದು ಪೂರ್ತಿ ಹಾಯಿ. ಆಚೆ ದಂಡೆ ಮುಟ್ಟಿ ಹುಲ್ಲು ಹಿಡಿದುಕೊಂಡು ಐದು ನಿಮಿಷ ನಿಂತೆ.

ಈ ಮೈ ನನ್ನದಲ್ಲ. ಹೊಟ್ಟೆ ನನಗಿಂತ ಒಂದು ಕ್ಷಣ ತಡವಾಗಿ ತಿರುಗುತ್ತದೆ. ಭುಜದಲ್ಲಿ ಬಲವಿದೆ, ಸೊಂಟದಲ್ಲಿ ಇಲ್ಲ. ನೀರಿಗಿಳಿದ ಸ್ವಲ್ಪ ಹೊತ್ತಿಗೆ ಎದೆ ಬಿಗಿದು ಹಾಲು ತಾನಾಗಿಯೇ ಸೋರಿತು. ಮೇಲೆ ಬಂದು ಕೆಮ್ಮಿದರೆ ಕೆಳಗೂ ಸೋರಿತು. ಮೈಯೆಲ್ಲ ಒದ್ದೆಯಿದ್ದುದರಿಂದ ಮರ್ಯಾದೆ ಉಳಿಯಿತು. ಇನ್ನೊಂದು ರೌಂಡ್ ಎಂದು ಮಕ್ಕಳ ಮೇಲೆ ಸೀಟಿ ಊದುತ್ತಿದ್ದವಳು ನಾನೇನಾ ಎಂದು ಅಳು ಬಂತು. ಅಲ್ಲೇ ಅತ್ತೆ. ವಿಘ್ನೇಶ ಟ್ಯೂಬಿನ ಗಾಳಿ ನೋಡುವವನ ಹಾಗೆ ಆಕಡೆ ತಿರುಗಿಕೊಂಡ.

ಮಗುವಿಗೆ ಪ್ಲಾಸ್ಟಿಕ್ ಟಬ್ಬಿನಲ್ಲಿ ಸ್ನಾನ. ಕಿರುಚಾಟ ತೋಟದ ಗೇಟಿನವರೆಗೂ ಕೇಳಿಸಿತಂತೆ.

ಫೆಬ್ರವರಿ 6, ಗುರುವಾರ

ನಾಲ್ಕು ಹಾಯಿ. ಚಳಿಗಾಳಿ ಇತ್ತು, ಮೇಲೆ ಬಂದು ಕಿವಿಗೆ ಹತ್ತಿ ಇಟ್ಟುಕೊಂಡೆ. ಟಬ್ಬು ಬಿರುಕು ಬಿಟ್ಟಿದೆ. ಪೇಟೆಗೆ ಹೋದಾಗ ಬೇರೆ ತರಬೇಕು, ಅಲ್ಲಿಯವರೆಗೆ ಇರಲಿ ಎಂದು ಬಚ್ಚಲಲ್ಲಿ ಕಾಲು ಚಾಚಿ ಕೂತು ಎರೆದೆ. ಪಂಚಮಿ ಅಳಲಿಲ್ಲ. ಬೇರೆ ವಿಶೇಷವಿಲ್ಲ.

ಫೆಬ್ರವರಿ 14, ಶುಕ್ರವಾರ

ಹತ್ತು ಹಾಯಿ. ಬೆನ್ನು ಹಗುರವಾಗಿದೆ. ಈಜಿದ ದಿನ ಹಸಿವೂ ಚೆನ್ನಾಗಿ ಆಗುತ್ತದೆ. ಮೇಲೆ ಬಂದ ಕೂಡಲೇ ಪಾಪಮ್ಮ ಜೀರಿಗೆ ನೀರು ಬಿಸಿ ಮಾಡಿ ಇಟ್ಟಿರಬೇಕು ಎಂದು ಹೇಳಿಬಿಟ್ಟಿದ್ದೇನೆ, ತಣ್ಣಗೆ ಕುಡಿದರೆ ಮಗುವಿಗೆ ಹೊಟ್ಟೆ ಉಬ್ಬರ. ಹೊಸ ಟಬ್ಬು ಬಂದಿದೆ. ಅದರಲ್ಲಿ ಬಟ್ಟೆ ನೆನೆಸುತ್ತಿದ್ದೇವೆ.

ಮೂರು ವಾರದ ಮೇಲೆ ಒಂದು ಡಬ್ಬ ಬಂತು. ಮೇಲಿನ ಅಕ್ಷರ ಅಪ್ಪನದ್ದು. ಒಳಗೆ ಎರಡು ಪ್ಯಾಕೆಟ್ ಬೇಕರಿ ರಸ್ಕು. ಒಂದು ಥರ ಆಯಿತು. ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ಹೈಸ್ಕೂಲಿನಲ್ಲಿ ಗಣಿತ ಮೇಷ್ಟ್ರಾಗಿದ್ದವರು, ಎಷ್ಟು ಬೇಕೋ ಅಷ್ಟೇ ಮಾತು.

"ಅಮ್ಮ ಎಲ್ಲಿ?"

"ಒಳಗಿದ್ದಾಳೆ."

"ಹುಷಾರಿಲ್ವಾ?"

"ಹುಷಾರಿದ್ದಾಳೆ. ಲೇಹ್ಯ ಮಾಡೋದು ಬೇಡ ಅಂದ್ಳು. ತಿನ್ನೋರಿಗೆ ನಂಬಿಕೆ ಇಲ್ಲದಿದ್ರೆ ಸುಮ್ನೆ ಯಾಕೆ ಅಂತ. ಖಾಲಿ ಬಿಡೋದು ಬೇಡ ಅಂತ ನಾನೇ ರಸ್ಕು ಹಾಕ್ದೆ."

ಅಮ್ಮನಿಗೆ ಕೊಡಿ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಅಪ್ಪನೂ ಅವಳನ್ನು ಕರೆಯಲಿಲ್ಲ.

ಫೆಬ್ರವರಿ 20, ಗುರುವಾರ

ಮೋಟರು ಶುರುವಾಯಿತು. ರೋಬಸ್ಟಾ ಕಾಫಿ ಅರಳಲು ಹೂವಿನ ನೀರು ಕೊಡುವ ಕಾಲ. ಇನ್ನು ಹದಿನೈದು ಇಪ್ಪತ್ತು ದಿನದಲ್ಲಿ ಕೆರೆ ತಳ ಕಾಣುತ್ತದೆ. ಬೆಳಿಗ್ಗೆ ಮೋಟರು ಹಾಕುವ ಮುಂಚೆ ಮುಕ್ಕಾಲು ಗಂಟೆ ನನಗೆ ಬಿಡುತ್ತೇನೆ ಎಂದಿದ್ದಾನೆ ವಿಘ್ನೇಶ. ನೀರು ಇಳಿದಷ್ಟೂ ದಂಡೆಗಳು ಹತ್ತಿರ ಬರುತ್ತವೆ, ಹಾಯಿಯ ಲೆಕ್ಕಕ್ಕೆ ಅರ್ಥವಿರುವುದಿಲ್ಲ. ಅಷ್ಟರೊಳಗೆ ಇಪ್ಪತ್ತು ಮಾಡಬೇಕು. ಮಾಡಿಯೇ ತೀರುತ್ತೇನೆ.

ಯಾಕೆ ಇಷ್ಟು ಹಟ ಎಂದು ಅವನು ಕೇಳಿದ. ಜೂನಿನಲ್ಲಿ ಸ್ಕೂಲಿಗೆ ಹೋಗಬೇಕಲ್ಲ ಎಂದೆ. ನಿಜವಾದ ಕಾರಣ ಬೇರೆ. ತಣ್ಣೀರಿನಲ್ಲಿ ಈಜಿಯೂ ನನ್ನ ಮಗು ಒಂದು ಸಲ ಸೀನಲಿಲ್ಲ ಎಂದು ತೋರಿಸಬೇಕು. ನಾನು ಹೇಳಿದ್ದೇ ಸರಿ ಎಂದಾಗಬೇಕು.

ಫೆಬ್ರವರಿ 23, ಭಾನುವಾರ

ಬೆಳಿಗ್ಗೆ ಇಪ್ಪತ್ತು ಹಾಯಿ ಮುಗಿಸಿದೆ. ಮೇಲೆ ಬಂದು ಹುಲ್ಲಿನ ಮೇಲೆ ಬಿದ್ದುಕೊಂಡೆ, ಸುಖವಾಗಿತ್ತು. ವಿಘ್ನೇಶ ಚಪ್ಪಾಳೆ ತಟ್ಟಿದ, ಅವನನ್ನು ನೋಡಿ ಪಂಚಮಿಯೂ ಕೈ ಆಡಿಸಿತು. ಅದನ್ನೇ ಬರೆಯಬೇಕೆಂದು ಪುಸ್ತಕ ತೆಗೆದಿಟ್ಟಿದ್ದೆ.

ಹನ್ನೊಂದು ಗಂಟೆಗೆ ಸುಕನ್ಯಾಳ ಫೋನು. ವಸ್ತಾರೆಯಲ್ಲಿ ನಮ್ಮ ಪಕ್ಕದ ಮನೆಯವಳು, ಒಂದನೇ ಕ್ಲಾಸಿನಿಂದ ಒಟ್ಟಿಗೆ ಓದಿದವಳು. ಹೆರಿಗೆಗೆ ತವರಿಗೆ ಬಂದು ಹನ್ನೆರಡು ದಿನವಾಗಿದೆ, ಗಂಡು ಮಗು. ಅದೂ ಇದೂ ಮಾತಾಡಿ ಆಮೇಲೆ ದನಿ ಇಳಿಸಿದಳು.

"ನಿನ್ನ ಹತ್ರ ಕೇಳ್ಬೇಕು ಅಂತಿದ್ದೆ ಕಣೆ. ನಿಮ್ಮಮ್ಮಂಗೆ ನಮ್ಮನೆ ಮೇಲೆ ಏನಾದ್ರೂ ಬೇಜಾರಾ?"

"ಯಾಕೆ?"

"ಮಗೂಗೆ ಎರೆಯೋಕೆ ಅಮ್ಮ ಕರೆಯೋಕೆ ಹೋಗಿದ್ರು. ಬರಲ್ಲ ಅಂದ್ರಂತೆ. ನನ್ನ ಕೈ ಒಳ್ಳೇದಲ್ಲ, ಬೇರೆ ಯಾರನ್ನಾದ್ರೂ ಕರೀರಿ ಅಂದ್ರಂತೆ. ಕೇಳಿದ್ರೆ ನವೆಂಬರಿಂದ ಯಾರ ಮನೆಗೂ ಹೋಗ್ತಿಲ್ವಂತೆ. ಮೇಲಿನ ಬೀದಿಯವರಿಗೂ ಇಲ್ಲ ಅಂದಿದ್ದಾರೆ. ನಮ್ಮಕ್ಕನ ಮಕ್ಕಳಿಗೂ ಅವರೇ ಎರೆದಿದ್ದಲ್ವಾ, ನನ್ನ ಮಗೂಗೆ ಯಾಕೆ ಇಲ್ಲ ಅಂತ ಅಳು ಬಂತು."

ಏನೋ ಹೇಳಿ ಫೋನಿಟ್ಟೆ. ಈಗ ಬರೆಯಬೇಕು. ಮೊದಲೇ ಬರೆಯಬೇಕಿತ್ತು. 'ನಾನೂ ಏನೋ ಅಂದೆ' ಎಂದು ಹಾರಿಸಿಬಿಟ್ಟಿದ್ದೇನೆ.

ಅವತ್ತು ನವೆಂಬರಿನಲ್ಲಿ ಅಮ್ಮ ಬಚ್ಚಲಲ್ಲಿ ಪಂಚಮಿಗೆ ಎರೆಯುತ್ತಿದ್ದಳು. ನಾನು ಬಾಗಿಲಲ್ಲಿ ಟವೆಲು ಹಿಡಿದು ನಿಂತಿದ್ದೆ. ಮುಂದಿನ ವಾರದಿಂದ ಚಿಕ್ಕಮಗಳೂರಿಗೆ ಈಜಲು ಹೋಗುತ್ತೇನೆ ಎಂದೆ. ಒಂಬತ್ತು ತಿಂಗಳು ತಣ್ಣೀರು ಮುಟ್ಟಬಾರದು, ಶೀತ ಹಾಲಿಗಿಳಿದು ಮಗುವಿಗೆ ಹೋಗುತ್ತದೆ ಎಂದಳು. ಮಾತಿಗೆ ಮಾತು ಬೆಳೆಯಿತು. ನಾನು ಕೇಳಿದೆ: "ಇಷ್ಟೆಲ್ಲ ಪಥ್ಯ ಮಾಡಿ, ದಿನಾ ಎರೆದೂ ಎರೆದೂ, ತಮ್ಮನ್ನ ಉಳಿಸ್ಕೊಂಡ್ಯಾ ನೀನು?"

ನನಗೆ ನಾಲ್ಕು ವರ್ಷವಿದ್ದಾಗ ಹುಟ್ಟಿದವನು. ಇಪ್ಪತ್ತೆರಡು ದಿನ ಇದ್ದ. ಹೆಸರಿಟ್ಟಿರಲಿಲ್ಲ. ನಮ್ಮ ಮನೆಯಲ್ಲಿ ಅವನ ಮಾತು ಯಾರೂ ಎತ್ತುವುದಿಲ್ಲ. ನಾನು ಎತ್ತಿದೆ, ಅಮ್ಮನ ಕಾಲ ಮೇಲೆ ಮಗು ಮಲಗಿದ್ದಾಗ ಎತ್ತಿದೆ.

ಸೀಗೆಪುಡಿ ಇನ್ನೂ ಮಗುವಿನ ಬೆನ್ನ ಮೇಲಿತ್ತು. ಅಮ್ಮ ಎರಡು ಚೊಂಬು ಹಾಕಿ ತೊಳೆದು, ಒರೆಸಿ, ಬಟ್ಟೆ ಸುತ್ತಿ ನನ್ನ ಕೈಗೆ ಕೊಟ್ಟಳು. ನಾನು ಬಟ್ಟೆ ತುಂಬಿಕೊಂಡು ಹೊರಡುವಾಗ ಜಗಲಿಗೂ ಬರಲಿಲ್ಲ. ಸಿಟ್ಟು ಎಂದುಕೊಂಡಿದ್ದೆ. ಅಮ್ಮ ಎರೆದ ಕೊನೆಯ ಮಗು ಪಂಚಮಿ.

ಫೆಬ್ರವರಿ 26, ಬುಧವಾರ

ಇಳಿಯಲಿಲ್ಲ. ನೀರಿತ್ತು.

ಫೆಬ್ರವರಿ 28, ಶುಕ್ರವಾರ

ಇವತ್ತೂ ಇಲ್ಲ. ನಾನು ಇಳಿಯದಿದ್ದರೆ ಮೋಟರು ಬೇಗ ಹಾಕಬಹುದಲ್ಲ ಎಂದು ವಿಘ್ನೇಶ ಕೇಳಿದ. ಹಾಕು ಎಂದೆ. ಏನಾಯಿತು ಎಂದ. ಎಲ್ಲ ಹೇಳಿದೆ, ಅಂದ ಮಾತನ್ನೂ ಹೇಳಿದೆ. ಇಷ್ಟು ದಿನ ಅವನಿಗೂ ಹೇಳಿರಲಿಲ್ಲ. ಅವನು ಪೈಪಿನ ಜಾಯಿಂಟು ತಿರುಗಿಸಿ ಬಿಗಿಮಾಡಿದ.

"ಅದನ್ನ ನೀನು ಅನ್ನಬಾರ್ದಿತ್ತು ರಂಜನಾ" ಎಂದ. ಮಾರಾಯ್ತಿ ಎನ್ನಲಿಲ್ಲ, ಹೆಸರು ಹಿಡಿದು ಕರೆದ. "ಸೋಮವಾರ ಜೀಪಲ್ಲಿ ಬಿಟ್ಟು ಬರ್ತೀನಿ. ಫೋನಲ್ಲಿ ಮಾತಾಡ್ಬೇಡ, ಹೋಗು."

ಹೋಗಿ ಏನು ಹೇಳುವುದು? ತಪ್ಪಾಯಿತು ಎಂದರೆ ಅಮ್ಮ ಆಗಲಿ ಬಿಡು ಎನ್ನುತ್ತಾಳೆ. ಅಲ್ಲಿಗೆ ನನ್ನ ಕೆಲಸ ಮುಗಿಯುತ್ತದೆ. ಅವಳದು?

ಮಾರ್ಚ್ 3, ಸೋಮವಾರ, ವಸ್ತಾರೆ

ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಪಂಚಮಿಯನ್ನು ಅವಳ ಕಡೆ ಚಾಚಿದೆ. ಕೆನ್ನೆಯನ್ನು ಬೆರಳ ತುದಿಯಲ್ಲಿ ಮುಟ್ಟಿ, "ದುಂಡಗಾಗಿದ್ದಾಳೆ" ಎಂದಳು, ಎತ್ತಿಕೊಳ್ಳಲಿಲ್ಲ. "ನೀನೇ ಇಟ್ಕೋ, ಒಲೆ ಮೇಲೆ ಹಾಲಿದೆ" ಎಂದು ಒಳಗೆ ಹೋದಳು. ಮೊಮ್ಮಗಳನ್ನು ಎತ್ತಿಕೊಂಡವರು ಅಪ್ಪ. ಎತ್ತಿಕೊಂಡು ಅವಳಿಗೆ ಗೋಡೆಯ ಕ್ಯಾಲೆಂಡರಿನ ಅಂಕಿಗಳನ್ನು ತೋರಿಸತೊಡಗಿದರು.

ಊಟವಾದ ಮೇಲೆ ಅಪ್ಪ ಮಗುವನ್ನು ಮಲಗಿಸಿಕೊಂಡರು. ಅಮ್ಮ ಹಿತ್ತಲಿನಲ್ಲಿ ಬಟ್ಟೆ ಮಡಿಸುತ್ತಿದ್ದಳು. ನಾನೂ ಒಂದು ತುದಿ ಹಿಡಿದೆ.

"ಈಜೋಕೆ ಹೋಗ್ತಿದೀಯಂತೆ. ವಿಘ್ನೇಶ ಹೇಳ್ದ" ಎಂದಳು. "ಬೆನ್ನು ಹೇಗಿದೆ?"

"ಕಡಿಮೆಯಾಗಿದೆ."

"ಮಗೂಗೆ ಶೀತ ಗೀತ?"

"ಇಲ್ಲ."

"ಹಾಗಾದ್ರೆ ಬಿಡಬೇಡ. ನಂಗೆ ಗೊತ್ತಿರ್ಲಿಲ್ಲ. ನಂಗೆ ಹೇಳಿಕೊಟ್ಟಿದ್ದನ್ನ ನಾನು ಹೇಳ್ದೆ."

ಇಷ್ಟು ದಿನ ಇದೊಂದು ಮಾತು ಕೇಳಬೇಕೆಂದೇ ಈಜಿದ್ದೆ. ಕೇಳಿದಾಗ ನೆಲದೊಳಗೆ ಹೋಗಬಾರದೇ ಅನ್ನಿಸಿತು. ಸೀರೆಯ ತುದಿ ಬಿಟ್ಟು ಅವಳ ಮುಂದೆ ಕೂತು ಎಲ್ಲ ಹೇಳಿದೆ. ಅನ್ನಬಾರದ್ದನ್ನು ಅಂದೆ, ಸಿಟ್ಟಿನಲ್ಲಿ ಅಂದದ್ದಲ್ಲ, ನೋಯಲಿ ಎಂದೇ ಅಂದದ್ದು, ಕ್ಷಮಿಸಮ್ಮಾ ಎಂದೆ.

ಅಮ್ಮ ಸೀರೆಯನ್ನು ಎತ್ತಿ ತಾನೊಬ್ಬಳೇ ಮಡಿಸಿದಳು.

"ನೀನು ಸುಳ್ಳು ಹೇಳಿಲ್ವಲ್ಲೇ" ಎಂದಳು. "ಅವತ್ತು ಅವನಿಗೆ ಕೆಮ್ಮಿತ್ತು. ಇವತ್ತು ಎರೆಯೋದು ಬೇಡ ಅಂತ ನಂಗೆ ಅನ್ನಿಸ್ತು. ಎರೆದ್ರೆ ಕಫ ಇಳಿಯುತ್ತೆ ಅಂದ್ರು ದೊಡ್ಡವ್ರು. ಎರೆದೆ. ಸಂಜೆ ಹೊತ್ತಿಗೆ ಹೋದ. ಡಾಕ್ಟ್ರು ಅದು ನ್ಯುಮೋನಿಯ, ನೀರಿಂದ ಆಗಿದ್ದಲ್ಲ ಅಂದ್ರು. ಮೂರು ವರ್ಷ ನಾನು ಯಾರ ಮಗೂನೂ ಮುಟ್ಲಿಲ್ಲ. ಆಮೇಲೆ ಮೇಲಿನ ಬೀದಿಯ ಲಿಂಗಪ್ಪ ಇದ್ದಾನಲ್ಲ, ಅವನ ಹೆಂಡ್ತಿಗೆ ತಾಯಿ ಇರ್ಲಿಲ್ಲ. ನೀವೇ ಎರೀಬೇಕು ಅಮ್ಮಾ ಅಂತ ಅವನು ಬಾಗಿಲಲ್ಲೇ ಕೂತುಬಿಟ್ಟ. ಆ ಮಗು ಉಳೀತು. ಅದಾದ ಮೇಲೆ ಇನ್ನೊಂದು. ಒಂದೊಂದು ಮಗು ಎದ್ದು ಓಡಾಡೋದು ನೋಡ್ದಾಗ್ಲೂ, ನನ್ನ ಕೈಯಲ್ಲಿ ದೋಷ ಇಲ್ಲ ಅಂತ ಒಂದೊಂದು ಚೂರು ನಂಬಿಕೆ ಬರ್ತಿತ್ತು."

ಅಮ್ಮ ಹೀಗೆ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಇಷ್ಟು ವರ್ಷ ಅವಳು ಊರವರಿಗೆ ಉಪಕಾರ ಮಾಡುತ್ತಿದ್ದಾಳೆ, ಸ್ವಲ್ಪ ಜಂಬವೂ ಇದೆ ಎಂದುಕೊಂಡಿದ್ದೆ.

"ಹಾಗಾದ್ರೆ ಸುಕನ್ಯಾನ ಮಗೂಗೆ ಹೋಗಮ್ಮಾ. ನಾನೂ ಬರ್ತೀನಿ."

"ಆಗಲ್ಲ ಕಣೆ. ನಿನ್ನ ಮೇಲೆ ನಂಗೆ ಸಿಟ್ಟಿಲ್ಲ. ನೀನು ಹೋದ ವಾರಕ್ಕೇ ಸಿಟ್ಟು ಹೋಯ್ತು. ಆದ್ರೆ ಅದು ಕೈಗೆ ಗೊತ್ತಾಗ್ತಿಲ್ಲ." ಬಲಗೈಯನ್ನು ನನ್ನ ಮುಂದೆ ಚಾಚಿದಳು. ಸುಮ್ಮನೆ ಹಿಡಿದಾಗ ಏನೂ ಇರಲಿಲ್ಲ. "ಮಗು ಹತ್ರ ಹೋದ್ರೆ ನಡುಗುತ್ತೆ. ಎಣ್ಣೆ ಹಚ್ಚಿದ ಕೂಸು, ಜಾರಿದ್ರೆ?"

ನಾನು ಆ ಕೈ ಹಿಡಿದುಕೊಂಡೆ.

ಮಾರ್ಚ್ 4, ಮಂಗಳವಾರ, ವಸ್ತಾರೆ

ಬೆಳಿಗ್ಗೆ ನಾನು ಏಳುವ ಮುಂಚೆಯೇ ಅಮ್ಮ ಹಂಡೆಗೆ ಉರಿ ಹಾಕಿದ್ದಳು. ಎಣ್ಣೆ ಬಿಸಿಮಾಡಿ ಬಟ್ಟಲಲ್ಲಿ ಇಟ್ಟಿದ್ದಳು, ಸೀಗೆಪುಡಿ, ಒಣಗಿದ ಟವೆಲು, ಎಲ್ಲ ಇತ್ತು. ಎಲ್ಲ ಇಟ್ಟು ತಾನು ಬಚ್ಚಲ ಬಾಗಿಲ ಹೊರಗೆ ಮಣೆ ಹಾಕಿಕೊಂಡು ಕೂತಿದ್ದಳು. "ನೀನೇ ಎರಿ. ನೋಡ್ತೀನಿ" ಎಂದಳು.

ಕಾಲು ಚಾಚಿ ಕೂತೆ. ಪಂಚಮಿಯನ್ನು ಬೋರಲು ಹಾಕಿಕೊಂಡು ಎಣ್ಣೆ ತಿಕ್ಕಿದೆ. ಅಮ್ಮ ಹೊರಗಿನಿಂದ ಏನಾದರೂ ತಿದ್ದುತ್ತಾಳೆ ಎಂದು ಕಾದೆ. ತಿದ್ದಲಿಲ್ಲ.

"ಯಾರು ಹೇಳಿಕೊಟ್ರು?" ಎಂದಳು.

"ಯಾರೂ ಇಲ್ಲ. ಟಬ್ಬು ಒಡೆದುಹೋಗಿತ್ತು."

"ಮೊಣಕಾಲು ಇಷ್ಟು ಒಳಗೆ ತಿರುಗಿಸ್ಕೊಂಡು ಕೂರೋದು ನಾನೊಬ್ಳೇ ಅಂದ್ಕೊಂಡಿದ್ದೆ."

ನಾನು ಕೆಳಗೆ ನೋಡಿಕೊಂಡೆ. ಹೌದು, ಹಾಗೆಯೇ ಕೂತಿದ್ದೆ.

ಒಂದು ಕೈಯಲ್ಲಿ ಮಗು, ಇನ್ನೊಂದು ಕೈ ತುಂಬ ಎಣ್ಣೆ ಸೀಗೆಪುಡಿ. ಚೊಂಬು ಹಿಡಿದರೆ ಜಾರುತ್ತಿತ್ತು. ಬಾಳೂರಿನಲ್ಲಿ ದಿನವೂ ಹೇಗೋ ಮಾಡಿಕೊಳ್ಳುತ್ತೇನೆ, ಇವತ್ತೂ ಮಾಡಿಕೊಳ್ಳಬಹುದಿತ್ತು. ಮಾಡಿಕೊಳ್ಳಲಿಲ್ಲ.

"ಅಮ್ಮಾ, ನೀರು ಹಾಕು. ಮಗೂನ ನಾನು ಹಿಡ್ಕೊಂಡಿರ್ತೀನಿ. ನೀನು ಮುಟ್ಟೋದು ಬೇಡ, ನೀರು ಮಾತ್ರ."

ಅಮ್ಮ ಎಷ್ಟೋ ಹೊತ್ತು ಏಳಲೇ ಇಲ್ಲ. ಆಮೇಲೆ ಸೀರೆ ಎತ್ತಿ ಕಟ್ಟಿ ಒಳಗೆ ಬಂದಳು. ಚೊಂಬಿನಲ್ಲಿ ನೀರು ತೋಡಿ ಮೊದಲು ತನ್ನ ಮೊಣಕೈಗೆ ಹುಯ್ದುಕೊಂಡು ಬಿಸಿ ನೋಡಿದಳು. ಇನ್ನೊಂದು ಚೊಂಬು ತೋಡಿದಳು. ಅದು ನಡುಗಿತು. ಅರ್ಧ ನೀರು ನೆಲಕ್ಕೆ ಚೆಲ್ಲಿತು, ಉಳಿದರ್ಧ ನನ್ನ ಕೈ ಮೇಲೆ ಬಿದ್ದು ಅಲ್ಲಿಂದ ಮಗುವಿನ ಬೆನ್ನಿಗೆ ಇಳಿಯಿತು. ಪಂಚಮಿ ಅಳಲಿಲ್ಲ, ಕಣ್ಣು ಮುಚ್ಚಿಕೊಂಡಿತು.

ನಾನು ಅಮ್ಮನ ಕೈ ಕಡೆ ನೋಡಲಿಲ್ಲ.

"ಇನ್ನೊಂದು ಹಾಕಮ್ಮಾ" ಎಂದೆ.

ಹಾಕಿದಳು. ಅದೂ ಚೆಲ್ಲಿತು. ಹಂಡೆಯಲ್ಲಿ ಇನ್ನೂ ತುಂಬ ನೀರಿತ್ತು.